ದೇವಾಡಿಗ ಮೇಡಂ ಅವರ ಜೋಡಿ

ಡಾಕ್ಟರ್ ಇಂದುಮತಿ ದೇವಾಡಿಗ ನಮ್ಮ ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ನಿರ್ದೇಶಕಿಯಾಗಿ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ನಾವೆಲ್ಲ ಹಾರ ಹಿಡಿದುಕೊಂಡು ಮುಂಬಾಗಿಲಲ್ಲಿ ಸಂಸ್ಥೆಯ ಕಾರಿನ ದಾರಿ ನೋಡುತ್ತಿದ್ದೆವು. ಅವರು ಬಾಡಿಗೆ ಆಟೋದಲ್ಲಿ ಹಿಂದಿನ ಗೇಟಿನಿಂದ ಬಂದು, ಸೂಟ್‌ಕೇಸು ಎಳೆದುಕೊಂಡು ನಮ್ಮ ಬೆನ್ನ ಹಿಂದೆಯೇ ನಿಂತು, "ಯಾರನ್ನು ಕಾಯುವುದು ನೀವೆಲ್ಲ?" ಎಂದು ಕೇಳಿದರು. ಐವತ್ತಾರು ವರ್ಷದ ಹೆಂಗಸು, ಕತ್ತರಿಸಿದ ಕೂದಲು, ಕಡಲ ಕಡೆಯ ಮಾತು. ಹಾರ ಹಾಕಿದ ಮೇಲೆ ಎರಡು ಮಾತಾಡಬೇಕೆಂದು ಕೇಳಿಕೊಂಡರೆ, ಅವರು ಮಾತಾಡಿದ್ದು ಒಂದೇ: "ಇಲ್ಲಿ ಕೆಳಗೆ ಹೆಂಗಸರಿಗೆ ಶೌಚಾಲಯ ಎಲ್ಲಿ ಉಂಟು?" ಕೆಳಗೆ ಇರಲೇ ಇಲ್ಲ. ನಲವತ್ತು ಜನ ಹೆಂಗಸರು ಹನ್ನೆರಡು ವರ್ಷದಿಂದ ಮೂರನೇ ಮಹಡಿಗೆ ಹತ್ತಿ ಇಳಿಯುತ್ತಿದ್ದರು. ಶುಕ್ರವಾರದ ಹೊತ್ತಿಗೆ ನಿರ್ದೇಶಕರ ಖಾಸಗಿ ಶೌಚಾಲಯದ ಬಾಗಿಲು ಹೊರಗಿನ ಓಣಿಗೆ ತೆರೆದುಕೊಂಡಿತು. ಹೊಸ ನಿರ್ದೇಶಕಿ ಎಂಥವರು ಎಂದು ನಮಗೆ ಅಷ್ಟರಲ್ಲೇ ಅಂದಾಜಾಯಿತು.

ನಾನು ಓಬಳೇಶಪ್ಪ, ಅದೇ ಸಂಸ್ಥೆಯ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಗುಮಾಸ್ತ. ನಮ್ಮ ಊರಿನಲ್ಲಿ ಯಾರ ಕಾಯಿಲೆಯೂ ಅವರೊಬ್ಬರದೇ ಅಲ್ಲ. ಪ್ರತಿಯೊಬ್ಬರಿಗೂ ಊರೊಳಗೆ ಎಲ್ಲೋ ಒಬ್ಬ ಜೋಡಿ ಇರುತ್ತಾರೆ. ಒಬ್ಬರಿಗೆ ಬಂದ ಕಾಯಿಲೆಯಲ್ಲಿ ಅರ್ಧ ಇನ್ನೊಬ್ಬರು ಹೊರುತ್ತಾರೆ. ಅದು ರಕ್ತಸಂಬಂಧ ನೋಡುವುದಿಲ್ಲ, ವಯಸ್ಸು ನೋಡುವುದಿಲ್ಲ, ಜಾತಿಯನ್ನಂತೂ ಕೇಳುವುದೇ ಇಲ್ಲ. ದಿನಾಂಕ ಮತ್ತು ಲಕ್ಷಣ ಹೋಲಿಸಿ, ಯಾರಿಗೆ ಯಾರು ಜೋಡಿ ಎಂದು ಹುಡುಕಿ ಬರೆದಿಡುವುದು ನನ್ನ ಕೆಲಸ. ನನ್ನ ಜೋಡಿ ಕೆರೆ ಬೀದಿಯಲ್ಲಿ ಸೊಪ್ಪು ಮಾರುವ ಚೌಡಮ್ಮ. ನಾನು ಸಂಜೆ ಮಳೆಯಲ್ಲಿ ನೆನೆದರೆ ಮರುದಿನ ಅವಳು ಮೂಗು ಒರೆಸಿಕೊಳ್ಳುತ್ತ ಬಂದು, "ಒಂದ್ ಛತ್ರಿ ತಗೊಂಡ್ ಓಡಾಡೋಕೇನ್ ದಾಡಿ ನಿಂಗೆ?" ಎಂದು ಬೈದು, ಹಿಡಿ ದೊಡ್ಡಪತ್ರೆ ಮೇಜಿನ ಮೇಲಿಟ್ಟು ಹೋಗುತ್ತಾಳೆ. ಹೆಂಡತಿ ಮಕ್ಕಳ ಮಾತಿಗೆ ಬೀಡಿ ಬಿಡದವರು, ಎಲ್ಲಿಯೋ ಇರುವ ಜೋಡಿ ಕೆಮ್ಮುತ್ತಾನೆ ಎಂದು ಬಿಟ್ಟದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಜೋಡಿ ಸತ್ತರೆ ಉಳಿದವರು ಒಂಟಿ, ಅವರ ಕಾಯಿಲೆ ಪೂರ್ತಿ ಅವರದೇ. ಇನ್ನೊಂದು ಸಂಗತಿ. ಈ ಹಂಚಿಕೆ ಹೊಳೆಯ ಸೇತುವೆಯವರೆಗೆ ಮಾತ್ರ. ಜೋಡಿಯಲ್ಲಿ ಒಬ್ಬರು ಸೇತುವೆ ದಾಟಿದರೆ ಅವರವರ ಕಾಯಿಲೆ ಪೂರ್ತಿಯಾಗಿ ಅವರವರಿಗೆ ಮರಳುತ್ತದೆ. ಹಾಗಾಗಿ ಊರು ಬಿಟ್ಟು ಹೋಗುವವರು ಸೇತುವೆ ಚೀಟಿ ಪಡೆಯಬೇಕು, ಅದಕ್ಕೆ ಊರಲ್ಲಿ ಉಳಿಯುವ ಜೋಡಿ ರುಜು ಹಾಕಬೇಕು.

ಹೊರಗಿನಿಂದ ಬಂದವರಿಗೆ ಜೋಡಿ ಸಿಕ್ಕಿದ ಒಂದೇ ಒಂದು ಉದಾಹರಣೆಯೂ ನಮ್ಮ ದಾಖಲೆಯಲ್ಲಿ ಇರಲಿಲ್ಲ. ಮೇಡಂ ಬಂದ ದಿನ ಅವರ ಹೆಸರಿನ ಮುಂದೆ ನಾನೇ "ಅನ್ವಯಿಸುವುದಿಲ್ಲ" ಎಂದು ಬರೆದೆ.

ಅವರು ತಮ್ಮ ಜೊತೆ ಒಂದು ಔಷಧಿ ತಂದಿದ್ದರು. ಹದಿನೈದು ವರ್ಷ ಅದರ ಮೇಲೆ ಕೆಲಸ ಮಾಡಿದ್ದರಂತೆ. ಮೂತ್ರಪಿಂಡ ಕೈಕೊಟ್ಟ ಹನ್ನೆರಡು ಜನ ಒಂಟಿಗಳನ್ನು ಆರಿಸಿ, ಅವರ ಒಪ್ಪಿಗೆ ಪಡೆದು, ಅದೇ ವಾರ ಔಷಧಿ ಶುರು ಮಾಡಿದರು. ಆ ಹನ್ನೆರಡರಲ್ಲಿ ಒಬ್ಬರು ವೆಂಕಟರೋಣಪ್ಪ, ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದವರು. ಅವರ ಜೋಡಿಯಾಗಿದ್ದ ನೇಯ್ಗೆಯ ಹೆಂಗಸು ಆರು ವರ್ಷದ ಹಿಂದೆ ತೀರಿಕೊಂಡ ಮೇಲೆ ಕಾಯಿಲೆ ಪೂರ್ತಿ ಅವರ ಮೇಲೆ ಬಿದ್ದಿತ್ತು. ಮುಖ ಊದಿ, ಎರಡು ಮಾತಿಗೆ ಒಮ್ಮೆ ಏದುಸಿರು ಬಿಡುತ್ತ ಒಂಬತ್ತನೇ ಮಂಚದಲ್ಲಿ ಒರಗಿ ಕೂತಿರುತ್ತಿದ್ದರು. ಹೆಂಡತಿ ಇಲ್ಲ, ಮಕ್ಕಳಿಲ್ಲ. ವೈದ್ಯರನ್ನೂ ದಾದಿಯರನ್ನೂ ಬೈಯುವುದಷ್ಟೇ ಅವರಿಗೆ ಉಳಿದಿದ್ದ ಕಾಲಕ್ಷೇಪ.

ಔಷಧಿ ಕೊಟ್ಟ ಎಂಟನೇ ದಿನಕ್ಕೆ ವೆಂಕಟರೋಣಪ್ಪ ಎದ್ದು ಓಣಿಯಲ್ಲಿ ನಡೆದಾಡಿದರು. ಮುಖದ ಊತ ಇಳಿದಿತ್ತು. ಮೂರನೇ ವಾರ ಆಸ್ಪತ್ರೆಯ ತೋಟದಲ್ಲಿ ಕೂತು ಅರ್ಧ ಹಾಡು ನುಡಿಸಿದರು. ಮಿಕ್ಕ ಹನ್ನೊಂದು ಜನ ಇದ್ದಂತೆಯೇ ಇದ್ದರು, ಆದರೆ ಅವರನ್ನು ಯಾರು ನೋಡುತ್ತಾರೆ? ಕುಲಪತಿಗಳು ತಾವೇ ಬಂದು ವೆಂಕಟರೋಣಪ್ಪನ ಕೈ ಕುಲುಕಿದರು. ವಿಶ್ವವಿದ್ಯಾಲಯದ ದೊಡ್ಡ ಸಭೆಯಲ್ಲಿ ಇದನ್ನು ಘೋಷಿಸಬೇಕು ಎಂದು ದಿನವನ್ನೂ ಗೊತ್ತುಮಾಡಿದರು. "ಇನ್ನೂ ಸ್ವಲ್ಪ ಸಮಯ ಬೇಕು ಸರ್" ಎಂದು ಮೇಡಂ ಅಂದರೆ, "ನಿಮ್ಮ ವಿನಯ ಇದು" ಎಂದು ನಕ್ಕುಬಿಟ್ಟರು.

ಆ ದಿನಗಳಲ್ಲಿ ನಾನು ಗಮನಿಸಿದ್ದು ಬೇರೆ. ಮೆಟ್ಟಿಲುಗಳನ್ನು ಓಡುತ್ತ ಹತ್ತುತ್ತಿದ್ದ ಮೇಡಂ ಈಗ ಮಧ್ಯದಲ್ಲಿ ನಿಂತು, ಗೋಡೆಯ ಮೇಲಿನ ನೋಟೀಸು ಓದುವವರ ಹಾಗೆ ಮಾಡಿ, ಉಸಿರು ಸುಧಾರಿಸಿಕೊಂಡು ಮತ್ತೆ ಹತ್ತುತ್ತಿದ್ದರು. ನೋಟೀಸು ಹೋದ ವರ್ಷದ್ದು. ಇನ್ನೊಂದು ಕಡೆ ವೆಂಕಟರೋಣಪ್ಪ ದಿನಾ ಬೆಳಿಗ್ಗೆ ದಾದಿಯ ಹತ್ತಿರ, "ಹುಟ್ಟಿದಾಗಿಂದ ತಲೆನೋವು ಅಂದ್ರೆ ಏನಂತ ಗೊತ್ತಿಲ್ಲ ನಂಗೆ. ಈಗೇನಮ್ಮ, ಎಡಗಡೆ ಮಾತ್ರ ಸುತ್ತಿಗೆ ತಗೊಂಡು ಹೊಡ್ದಂಗಾಗ್ತದೆ" ಎಂದು ದೂರುತ್ತಿದ್ದರು.

ರಕ್ತಪರೀಕ್ಷೆಯ ಕಾಗದಗಳೆಲ್ಲ ನನ್ನ ಕೋಣೆಗೆ ಬರುತ್ತವೆ. ಒಂದು ದಿನ ಹೆಸರಿನ ಜಾಗದಲ್ಲಿ "ಸಿಬ್ಬಂದಿ" ಎಂದಷ್ಟೇ ಬರೆದಿದ್ದ ಒಂದು ಕಾಗದ ಬಂತು. ಮೂತ್ರಪಿಂಡದ ಲೆಕ್ಕ ಮೂರು ಪಾಯಿಂಟ್ ಆರು. ಆರೋಗ್ಯವಂತರಲ್ಲಿ ಅದು ಒಂದರ ಆಸುಪಾಸು ಇರಬೇಕು. ಅದರ ಕೆಳಗೇ ವೆಂಕಟರೋಣಪ್ಪನ ಕಾಗದವಿತ್ತು. ಅದೂ ಮೂರು ಪಾಯಿಂಟ್ ಆರು. ನಾನು ಅವರ ಹಳೆಯ ಕಾಗದ ತೆಗೆದು ನೋಡಿದೆ. ಮೇಡಂ ಬರುವ ಹಿಂದಿನ ದಿನ, ಭಾನುವಾರ, ಏಳು ಪಾಯಿಂಟ್ ಎರಡು ಇತ್ತು. ಮರುದಿನ ಸೋಮವಾರ, ಔಷಧಿ ಇನ್ನೂ ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲದ ದಿನ, ಸಂಜೆಗೆ ಆರು ಆಗಿತ್ತು. ಅಷ್ಟು ಹೊತ್ತಿಗಾಗಲೇ ಹಂಚಿಕೆ ಶುರುವಾಗಿತ್ತು.

ಒಂದು ವಾರ ಆ ಕಾಗದಗಳನ್ನು ಡ್ರಾಯರಿನಲ್ಲಿ ಇಟ್ಟುಕೊಂಡು ಒದ್ದಾಡಿದೆ. ಹೇಳಿದರೆ ಅವರ ಹದಿನೈದು ವರ್ಷದ ಕೆಲಸ ನೀರಿನಲ್ಲಿ ಹೋಮ. ಹೇಳದಿದ್ದರೆ ಆ ಹೆಂಗಸು ತನಗೇನಾಗಿದೆ ಎಂದು ತಿಳಿಯದೆಯೇ ಸವೆಯುತ್ತಾರೆ. ಚೌಡಮ್ಮ ನನ್ನನ್ನು ನೋಡಲು ಬಂದು, "ಮೂರು ದಿನದಿಂದ ಹೊಟ್ಟೆ ಉರೀತದೆ ನಂಗೆ. ಏನ್ ಚಿಂತೆ ಹಚ್ಕೊಂಡಿದ್ದೀಯೋ ಅದನ್ನ ಮುಗಿಸು ಮೊದ್ಲು" ಎಂದಳು. ಆ ಮಧ್ಯಾಹ್ನವೇ ಕಾಗದಗಳನ್ನು ತೆಗೆದುಕೊಂಡು ಮೇಡಂ ಕೋಣೆಗೆ ಹೋದೆ.

ಅವರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದರು. "ನಾನು ಸೇತುವೆ ದಾಟಿ ಹೋದರೆ ಎಂತ ಆಗ್ತದೆ ಓಬಳೇಶಪ್ಪರೇ?"

"ಅವರ ಕಾಯಿಲೆ ಪೂರ್ತಿ ಅವರಿಗೇ ಹೋಗುತ್ತೆ ಮೇಡಂ. ನಿಮಗೆ ಹಗುರ ಆಗುತ್ತೆ, ತಲೆನೋವೊಂದು ಬಿಟ್ಟು."

"ಅವರಿಗೆ ಪೂರ್ತಿ ಆದರೆ?"

"ಇಷ್ಟು ದಿನ ತಡೆದದ್ದೇ ಹೆಚ್ಚು ಅಂತ ಹಿಂದಿನ ನಿರ್ದೇಶಕರು ಹೇಳ್ತಿದ್ರು."

"ಅವರಿಗೆ ಈ ವಿಷಯ ಹೇಳಿದ್ದೀರಾ?"

"ಇಲ್ಲ ಮೇಡಂ. ಯಾರಿಗೂ ಹೇಳಿಲ್ಲ. ಮೊದಲು ನಿಮಗೇ ಹೇಳೋಣ ಅಂತ."

ಅವರು ನನ್ನ ಮುಖ ನೋಡಿದರು. "ಅಂದರೆ, ಹೋಗಬೇಕು ಅಂತ ಅನಿಸಿದರೆ ಯಾರಿಗೂ ಗೊತ್ತಾಗದ ಹಾಗೆ ಹೋಗಲಿಕ್ಕೆ ನನಗೆ ಒಂದು ಬಾಗಿಲು ಇಟ್ಟಿದ್ದೀರಿ."

ಅವರು ಕುರ್ಚಿ ಹಿಡಿದುಕೊಂಡು ಎದ್ದರು. "ಬನ್ನಿ, ವಾರ್ಡಿಗೆ ಹೋಗುವ."

ವೆಂಕಟರೋಣಪ್ಪ ಮಂಚದ ಮೇಲೆ ಕಾಲು ಚಾಚಿಕೊಂಡು ಪೇಪರು ಓದುತ್ತಿದ್ದರು. ಮೇಡಂ ಅವರ ಮುಂದೆ ನಿಂತು ಕೇಳಿದರು, "ನಿನ್ನೆ ಎಂತ ತಿಂದಿರಿ?"

"ಇಲ್ಲಿ ಕೊಡೋ ಗಂಜಿ. ಇನ್ನೇನ್ ತಿನ್ನೋಕ್ ಬಿಡ್ತೀರ ನೀವು?"

"ಉಪ್ಪಿನಕಾಯಿ?"

"ನಾನ್ಯಾಕ್ ತಿನ್ಲಿ? ಮುಟ್ಟಿಲ್ಲ."

ಮೇಡಂ ಅವರ ಮಂಚದ ಅಂಚಿನಲ್ಲಿ ಕೂತು, ಸೀರೆಯನ್ನು ಸ್ವಲ್ಪ ಮೇಲೆತ್ತಿ ತಮ್ಮ ಪಾದ ತೋರಿಸಿದರು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೆಯೇ ನಿಂತಿತು. "ಬ್ಯಾಂಡಿನವರು ನಿಮ್ಮನ್ನು ನೋಡಲಿಕ್ಕೆ ಬಂದು ಹೋದ ದಿನ ಸಂಜೆ ಇದು ಹೀಗೆ ಆಗ್ತದೆ. ಪ್ರತಿ ಸಲವೂ. ನಾನು ಆ ದಿನಗಳನ್ನು ಬರೆದಿಟ್ಟಿದ್ದೇನೆ. ಯಾಕೆ ಅಂತ ಇವತ್ತಿನವರೆಗೆ ಗೊತ್ತಿರಲಿಲ್ಲ."

ವೆಂಕಟರೋಣಪ್ಪ ಆ ಪಾದ ನೋಡಿದರು, ತಮ್ಮ ಪಾದ ನೋಡಿಕೊಂಡರು. ನಂತರ ನನ್ನ ಕಡೆ ತಿರುಗಿದರು. ನಾನು ತಲೆ ಆಡಿಸಿದೆ. ಆ ಮನುಷ್ಯನ ಬಾಯಲ್ಲಿ ಮಾತು ನಿಂತದ್ದನ್ನು ಆರು ವರ್ಷದಲ್ಲಿ ಅವತ್ತೇ ಕಂಡದ್ದು. ಅವರು ನಿಧಾನವಾಗಿ ದಿಂಬಿನ ಕೆಳಗೆ ಕೈ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಪುಟ್ಟ ಭರಣಿಯನ್ನು ತೆಗೆದು ಮೇಡಂ ಕೈಯಲ್ಲಿಟ್ಟರು. "ಮಾವಿನ ಮಿಡಿದು" ಎಂದರು. ಆಮೇಲೆ, "ಹಂಗಾದ್ರೆ ಈ ತಲೆನೋವು ನಿಮ್ದಾ?"

"ಹೌದು. ಹದಿನಾರನೇ ವಯಸ್ಸಿನಿಂದ ಉಂಟು. ಕ್ಷಮಿಸಿ."

"ಇಷ್ಟನ್ನ ಇಟ್ಕೊಂಡು ಡಾಕ್ಟ್ರು ಹೆಂಗೆ ಓದಿದ್ರಿ ತಾಯಿ ನೀವು?" ಎಂದು ಅವರು ಹಣೆ ಹಿಡಿದುಕೊಂಡರು.

ಸಭೆಯ ದಿನ ಮೇಡಂ ಸೀದಾ ಮೈಕಿನ ಮುಂದೆ ಹೋದರು. ಹೊರಗಿನ ವಿಶ್ವವಿದ್ಯಾಲಯಗಳವರು ಬಂದಿದ್ದರು, ಪತ್ರಿಕೆಯವರಿದ್ದರು. "ನನ್ನ ಔಷಧಿಯಿಂದ ಹನ್ನೆರಡು ಜನರಲ್ಲಿ ಯಾರಿಗೂ ಗುಣ ಆಗಿಲ್ಲ" ಎಂದರು. "ಒಬ್ಬರಿಗೆ ಆದದ್ದು ನನ್ನ ಮೂತ್ರಪಿಂಡದಿಂದ. ಅದನ್ನು ಇನ್ನೊಬ್ಬರಿಗೆ ಕೊಡಲಿಕ್ಕೆ ಬರುವುದಿಲ್ಲ. ಹಾಗಾಗಿ ಇವತ್ತು ಘೋಷಿಸಲಿಕ್ಕೆ ಎಂತದೂ ಇಲ್ಲ." ಕುಲಪತಿಗಳ ಮುಖ ಕಪ್ಪಿಟ್ಟಿತು. ವಾಪಸು ಬರುವಾಗ ಕಾರಿನಲ್ಲಿ ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಕೂತಿದ್ದರು. ಸಂಸ್ಥೆಯ ಗೇಟು ಬಂದಾಗ, "ಹದಿನೈದು ವರ್ಷ ಮಾರಾಯ್ರೆ" ಎಂದಷ್ಟೇ ಹೇಳಿ ಇಳಿದರು.

ಅವರನ್ನು ಬದಲಾಯಿಸುತ್ತಾರೆ ಎಂಬ ಸುದ್ದಿ ಎದ್ದಿತು, ತಣ್ಣಗಾಯಿತು. ಅವರು ಮಾತ್ರ ಕೆಲಸ ನಿಲ್ಲಿಸಲಿಲ್ಲ. ಮಿಕ್ಕ ಹನ್ನೊಂದು ಒಂಟಿಗಳ ಹಾಸಿಗೆಯ ಪಕ್ಕ ಒಬ್ಬೊಬ್ಬರಾಗಿ ಕೂತು ಔಷಧಿ ಕೆಲಸ ಮಾಡಲಿಲ್ಲ ಎಂದು ತಾವೇ ಹೇಳಿದರು. ಒಂಟಿಗಳಿಗೆಂದೇ ಎರಡು ಹೊಸ ಡಯಾಲಿಸಿಸ್ ಯಂತ್ರ ಬರುವವರೆಗೆ ಕುಲಪತಿಗಳ ಬಾಗಿಲು ಬಿಡಲಿಲ್ಲ. ವೆಂಕಟರೋಣಪ್ಪ ವಾರ್ಡು ಬಿಟ್ಟು ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದರು. ಉಪ್ಪಿನಕಾಯಿ ಬಿಟ್ಟರು, ಹಪ್ಪಳ ಬಿಟ್ಟರು, ಬೈಗುಳ ಬಿಡಲಿಲ್ಲ. ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ನಿರ್ದೇಶಕರ ಕೋಣೆಯ ಬಾಗಿಲು ತಳ್ಳಿ, ಎದುರಿಗೆ ಯಾವ ದೊಡ್ಡವರು ಕೂತಿದ್ದರೂ ಲೆಕ್ಕಿಸದೆ, "ಮೇಡಮ್ಮೋರೆ, ಊಟ ಮಾಡದೆ ಕೂತ್ರೆ ತಲೆ ನಂದು ಸಿಡಿಯೋದು" ಎಂದು ಹೇಳಿ ಹೋಗುತ್ತಿದ್ದರು. ಮೇಡಂ ಡಬ್ಬಿ ತೆರೆಯುತ್ತಿದ್ದರು.

ಹೀಗೆ ಹತ್ತು ತಿಂಗಳು ಹೋಯಿತು. ಮಾಘ ಮಾಸದಲ್ಲಿ ಒಂದು ಬೆಳಿಗ್ಗೆ ವೆಂಕಟರೋಣಪ್ಪ ನನ್ನ ಕೋಣೆಗೆ ಬಂದು ಸೇತುವೆ ಚೀಟಿ ಕೇಳಿದರು.

"ಎಲ್ಲಿಗೆ ಹೋಗ್ತೀರಿ?" ಎಂದೆ.

"ನಾನಲ್ಲ. ಆಯಮ್ಮನಿಗೆ. ನಾನು ಉಳಿಯೋನು, ರುಜು ನಂದು ತಾನೆ? ಹಾಕ್ತೀನಿ ಕೊಡಿ."

"ಅವರು ಕೇಳಿಲ್ಲವಲ್ಲ."

"ಕೇಳಲ್ಲ ಅವ್ರು. ಎಂಟು ದಿನದಿಂದ ತಲೆ ಒಡೀತಾ ಐತೆ ನಂಗೆ. ಏನ್ ತಾಯಿ ಅಂತ ಹೋಗಿ ಕೇಳಿದ್ರೆ ಏನಿಲ್ಲ ಅಂತಾರೆ. ಕಾರಿನ ಡ್ರೈವರನ್ನ ಹಿಡ್ಕೊಂಡು ಕೇಳ್ದೆ. ಒಬ್ಳೇ ಮಗಳಂತೆ, ಚೊಚ್ಚಲ ಹೆರಿಗೆಯಂತೆ, ಈ ವಾರವೋ ಮುಂದಿನ ವಾರವೋ. ಅಮ್ಮ ಬರಬೇಕು ಅಂತ ಆ ಹುಡುಗಿ ಫೋನಲ್ಲಿ ಅಳ್ತಾಳಂತೆ. ಇವ್ರು ಇಲ್ಲಿ ಅಳ್ತಾರೆ. ನೋಯೋದು ನಂಗೆ."

ನಾನು ಚೀಟಿ ಕೊಡಲಿಲ್ಲ. ಇಬ್ಬರನ್ನೂ ಎದುರೆದುರು ಕೂರಿಸಿದೆ. ಮೇಡಂ ಕಡ್ಡಿ ಮುರಿದಂತೆ ಬೇಡ ಎಂದರು. "ನಾನು ಬರುವ ಮೊದಲಿನ ದೇಹ ಅಲ್ಲ ನಿಮ್ಮದು. ಕಾಯಿಲೆ ಒಳಗೊಳಗೇ ಬೆಳೆದಿದೆ. ಈಗ ಇಬ್ಬರಲ್ಲೂ ನಾಲ್ಕೂವರೆ ಉಂಟು. ಒಟ್ಟಾದರೆ ಒಂಬತ್ತು. ಅದು ಆಡುವ ಮಾತಲ್ಲ."

"ಯಂತ್ರ ತರಿಸಿದ್ದೀರಲ್ಲ, ಅದು ಯಾಕಿರೋದು?"

"ಯಂತ್ರಕ್ಕೂ ಒಂದು ಮಿತಿ ಉಂಟು."

ವೆಂಕಟರೋಣಪ್ಪ ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದರು, "ಮೇಡಮ್ಮೋರೆ, ಹತ್ತು ತಿಂಗಳಿಂದ ನನ್ನದನ್ನ ಹೊತ್ಕೊಂಡು ತಿರುಗ್ತಿದ್ದೀರ. ಆಗಲ್ಲ ಅಂತ ಒಂದಿನ ಅಂದಿಲ್ಲ. ಒಂದ್ಸಲ ನನ್ನ ವಸ್ತು ನಾನೇ ಇಟ್ಕೋತೀನಿ. ಹೋಗಿ ಮಗಳ ತಲೆ ಸವರಿ ಬನ್ನಿ."

ಮೇಡಂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ವೆಂಕಟರೋಣಪ್ಪ ಕಣ್ಣು ಮುಚ್ಚಿ ಎಡಗಡೆಯ ಹಣೆ ಒತ್ತಿಕೊಂಡರು. ಕೊನೆಗೆ ಆರು ದಿನಕ್ಕೆ ಮಾತಾಯಿತು, ವೆಂಕಟರೋಣಪ್ಪ ಚೀಟಿಗೆ ರುಜು ಹಾಕಿದರು.

ಗುರುವಾರ ಬೆಳಿಗ್ಗೆ ಮೇಡಂ ಬಸ್ಸು ಹತ್ತಿದರು. ವೆಂಕಟರೋಣಪ್ಪನನ್ನು ಮೊದಲೇ ಒಂಬತ್ತನೇ ಮಂಚಕ್ಕೆ ತಂದು ಮಲಗಿಸಿದ್ದೆವು. ಒಂಬತ್ತೂಕಾಲಿಗೆ ಅವರ ಕೈ ಮಂಚದ ಕಂಬಿಯನ್ನು ಹಿಡಿದುಕೊಂಡಿತು. "ಬಂತು" ಎಂದರು. ಅಷ್ಟೇ. ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಬಸ್ಸಿನ ಗದ್ದಲದಲ್ಲಿ ಮೇಡಂ ದನಿ: "ಓಬಳೇಶಪ್ಪರೇ, ನನಗೆ ಉಸಿರು ಎಷ್ಟು ಸಲೀಸಾಗಿ ಬರ್ತಾ ಉಂಟು ಗೊತ್ತುಂಟಾ? ನನಗೆ ನಾಚಿಕೆ ಆಗ್ತದೆ ಮಾರಾಯ್ರೆ." ನಾನು ಅವರಿಗೆ, "ನೀವು ಆರಾಮಾಗಿ ಹೋಗಿ ಬನ್ನಿ ಮೇಡಂ, ಇಲ್ಲಿ ನಾವಿದ್ದೇವೆ" ಎಂದೆ.

ದಿನ ಬಿಟ್ಟು ದಿನ ಯಂತ್ರಕ್ಕೆ ಹಾಕಿದರು. ಮೊದಲ ಮೂರು ದಿನ ವೆಂಕಟರೋಣಪ್ಪ ದಾದಿಯರನ್ನು ಬೈಯುತ್ತಿದ್ದರು. ನಾಲ್ಕನೇ ದಿನ ಬೈಯಲಿಲ್ಲ. ಅದು ನಮ್ಮೆಲ್ಲರಿಗೂ ಭಯ ಹುಟ್ಟಿಸಿತು. ಚೌಡಮ್ಮ ಬಂದು ಪಕ್ಕದಲ್ಲಿ ಕೂತು, ಒದ್ದೆ ಬಟ್ಟೆಯಲ್ಲಿ ಅವರ ತುಟಿ ಒರೆಸುತ್ತ, ಊರಿನ ಜಗಳಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಆರನೇ ದಿನವಾದರೂ ಅಲ್ಲಿ ಹೆರಿಗೆ ಆಗಿರಲಿಲ್ಲ. ಮೇಡಂ ಫೋನು ಮಾಡಿ, "ನಾನು ನಾಳೆ ಬೆಳಿಗ್ಗೆ ಹೊರಡ್ತೇನೆ, ಅವರಿಗೆ ಹೇಳಿ" ಎಂದರು. ನಾನು ಹೇಳಿದೆ. ವೆಂಕಟರೋಣಪ್ಪ ಕೈ ಚಾಚಿ ಫೋನು ಇಸಿದುಕೊಂಡರು. ಒಂದೊಂದು ಪದಕ್ಕೂ ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. "ಮಗು... ಮುಖ ನೋಡದೆ... ಬಂದ್ರೆ... ಮಾತಾಡ್ಸಲ್ಲ ನಾನು." ಫೋನನ್ನು ನನ್ನ ಕೈಗೆ ಹಾಕಿ ಗೋಡೆಯ ಕಡೆ ತಿರುಗಿಕೊಂಡರು.

ಎಂಟನೇ ದಿನ ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು. ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಕೇಳಿಸಿತೋ ಇಲ್ಲವೋ, ರೆಪ್ಪೆ ಒಂದು ಸಲ ಅಲುಗಿತು. ಅದೇ ಸಂಜೆ ಮೇಡಂ ಬಸ್ಸು ಹತ್ತಿದರು ಎಂದು ತಿಳಿಯಿತು. ದಾರಿಯಲ್ಲಿ ಅವರ ಫೋನು ಸಿಗಲಿಲ್ಲ.

ಒಂಬತ್ತನೇ ದಿನ ಶುಕ್ರವಾರ. ಯಂತ್ರಕ್ಕೆ ಹಾಕಿದರೆ ರಕ್ತದೊತ್ತಡ ಬೀಳುತ್ತದೆ, ಇನ್ನು ಹಾಕಲು ಆಗುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ಬಸ್ಸು ಎಂಟಕ್ಕೆ ಬರಬೇಕು, ಬರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ಎಲ್ಲೋ ಲಾರಿ ಅಡ್ಡ ಬಿದ್ದು ರಸ್ತೆ ನಿಂತಿದೆ ಎಂದು ಕಾರು ತೆಗೆದುಕೊಂಡು ಹೋಗಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಡ್ರೈವರು ಫೋನಿನಲ್ಲಿ ಹೇಳಿದ. ವೆಂಕಟರೋಣಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಂದು ಉಸಿರಿಗೂ ಇನ್ನೊಂದು ಉಸಿರಿಗೂ ನಡುವೆ ನಾನು ಐದು ಎಣಿಸುತ್ತಿದ್ದೆ, ಆಮೇಲೆ ಏಳು. ಚೌಡಮ್ಮ ಮಾತು ನಿಲ್ಲಿಸಿದ್ದಳು. ಹನ್ನೊಂದೂ ಹತ್ತಕ್ಕೆ ನನ್ನ ಕೈಯೊಳಗಿದ್ದ ಅವರ ಬೆರಳುಗಳು ಇದ್ದಕ್ಕಿದ್ದಂತೆ ಸಡಿಲವಾದವು. ಚೌಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಗ ಅವರ ಎದೆ ಎದ್ದಿತು. ನೀರಿನೊಳಗಿಂದ ಮೇಲೆ ಬಂದವರ ಹಾಗೆ ಉದ್ದವಾದ ಒಂದು ಉಸಿರು ಎಳೆದುಕೊಂಡರು. ಇನ್ನೊಂದು. ಮತ್ತೊಂದು. ತುಟಿಗೆ ಬಣ್ಣ ಮರಳಿತು. ಕಣ್ಣು ಬಿಟ್ಟು, ಮಾಡಿನ ಕಡೆ ನೋಡುತ್ತ, ಹಣೆಯ ಎಡಗಡೆಗೆ ಕೈ ಒಯ್ದರು.

"ಸೇತುವೆ ದಾಟಿದ್ರು" ಎಂದರು. "ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಆಯಮ್ಮ."

ಹಾಗೆ ಹೇಳಿ ಅಲ್ಲಿಯೇ ನಿದ್ದೆಹೋದರು. ನಾನು ಗೇಟಿಗೆ ಓಡಿದೆ. ಇಪ್ಪತ್ತು ನಿಮಿಷಕ್ಕೆ ಸಂಸ್ಥೆಯ ಕಾರು ಬಂದು ನಿಂತಿತು. ಮೇಡಂ ಬಾಗಿಲು ಹಿಡಿದುಕೊಂಡು ನಿಧಾನವಾಗಿ ಇಳಿದರು. ಪಾದ ಆಗಲೇ ಊದಿಕೊಂಡು, ಚಪ್ಪಲಿ ಕೈಯಲ್ಲಿತ್ತು. ಕೂದಲು ಕೆದರಿತ್ತು, ಸೀರೆಯ ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ ಒಣಗಿತ್ತು. ಏದುಸಿರು ಬಿಡುತ್ತ ನನ್ನನ್ನು ನೋಡಿ ಅವರು ನಕ್ಕರು, ಕಣ್ಣಲ್ಲಿ ನೀರಿತ್ತು.

ವೆಂಕಟರೋಣಪ್ಪ ಹೇಗಿದ್ದಾರೆ ಎಂದು ಅವರು ನನ್ನನ್ನು ಕೇಳಲಿಲ್ಲ.